ಬೆಲ್ಲ ಬಾಯಲ್ಲಿರುವಾಗ

ಗ್ಯಾಸಿನವನು ಸಿಲಿಂಡರನ್ನು ಹೆಗಲಿನಿಂದ ಇಳಿಸಿ ಉಸಿರು ಬಿಡುವಷ್ಟರಲ್ಲಿ ನಾನು ಸಣ್ಣ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಇಟ್ಟುಕೊಂಡು ಬಾಗಿಲಿಗೆ ಬಂದಿರುತ್ತೇನೆ. ಅನ್ವಿ, ಧ್ಯಾನ್, ನೀವಿಬ್ಬರೂ ಸೋಫಾದಲ್ಲಿ ಕುಳಿತು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಗುವುದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡಿ. ಮೊನ್ನೆಯಂತೂ ಧ್ಯಾನ್ ಕೇಳಿಯೇ ಬಿಟ್ಟ.

“ಅಜ್ಜೀ, ಅವರೆಂತ ಗೆಸ್ಟಾ? ಹೀಗೆ ಎಲ್ಲ ಮನೆಯಲ್ಲಿ ಬೆಲ್ಲ ಕೊಟ್ರೆ ಅವರಿಗೆ ಶುಗರ್ ಬರ್ತದೆ.”

“ಬೆಲ್ಲ ತಿಂದು ಬಂದ್ರೆ ಅದು ಶುಗರ್ ಅಲ್ಲ ಮಗಾ,” ಎಂದೆ. ಒಳಗಿನಿಂದ ನಿಮ್ಮ ಅಮ್ಮ, “ಇದನ್ನು ಡಾಕ್ಟರ ಹತ್ರ ಮಾತ್ರ ಹೇಳ್ಬೇಡಿ,” ಎಂದಳು.

ನೀವು ನಕ್ಕದ್ದಕ್ಕೆ ಬೇಸರವಿಲ್ಲ. ಆದರೆ ಆ ಪ್ರಶ್ನೆ ತಲೆಯೊಳಗೆ ಹೊಕ್ಕು ಚಕ್ಕಳಮಕ್ಕಳ ಹಾಕಿ ಕುಳಿತಿತು. ಬಂದವರಿಗೆ ನಾವು ಬೆಲ್ಲ ನೀರು ಯಾಕೆ ಕೊಡುತ್ತೇವೆ? ಬುದ್ಧಿ ತಿಳಿದಂದಿನಿಂದ ಕೊಡುತ್ತಲೇ ಬಂದವಳು ನಾನು, ಯಾಕೆಂದು ಕೇಳಿದವಳಲ್ಲ. ಕೇಳಿಕೊಳ್ಳಬೇಕೆಂದು ಮೊದಲ ಬಾರಿ ತೋಚಿದ್ದು ಕಳೆದ ಸಲ ಹದಿನೈದು ದಿವಸ ಬೊಳ್ಳಾಜೆಗೆ ಹೋಗಿ ಕುಳಿತಾಗ. ‘ಅಜ್ಜಿ ಟೂರ್ ಹೋಗಿದ್ದಾರೆ’ ಎಂದು ನೀವು ಪಕ್ಕದ ಮನೆಯವರಿಗೆಲ್ಲ ಹೇಳಿದ್ದಿರಲ್ಲ, ಆಗ.

ನಾನು ಹುಟ್ಟಿದ ಮನೆಯಲ್ಲಿ ಬೆಲ್ಲ ನೀರು ಕೊಡುವುದು ಹೆಣ್ಣುಮಕ್ಕಳ ಕೆಲಸ. ಅಂಗಳದಲ್ಲಿ ನಾಯಿ ಬೊಗಳಿದರೆ ಸಾಕು, ಅಪ್ಪ ಚಾವಡಿಯಿಂದ “ನೀರು ಬರ್ಲಿ” ಎನ್ನುತ್ತಿದ್ದರು. ಬಂದವರು ಯಾರು, ಸಾಲ ಕೇಳಲು ಬಂದವರೇ, ಸಂಬಂಧ ಕೇಳಲು ಬಂದವರೇ, ನಮ್ಮ ದನ ಅವರ ಗದ್ದೆಗೆ ನುಗ್ಗಿತೆಂದು ಬೈಯಲು ಬಂದವರೇ, ಅದೆಲ್ಲ ಆಮೇಲೆ. ಮೊದಲು ನೀರು. ನಾನು ತಟ್ಟೆ ಹಿಡಿದು ಹೋಗಿ, ಇಟ್ಟು, ಬರುತ್ತಿದ್ದೆ. ಮುಖ ಎತ್ತಿ ನೋಡಿದ್ದಿಲ್ಲ. ಅಷ್ಟು ನಾಚಿಕೆ. ಹಾಗಾಗಿ ನನಗೆ ಊರಿನವರೆಲ್ಲ ಕಾಲಿನ ಮೇಲೆ ಪರಿಚಯ. ಒಡೆದ ಹಿಮ್ಮಡಿಯವರು, ಹೆಬ್ಬೆರಳು ಹೊರಗೆ ಬಾಗಿದವರು, ಟಯರಿನ ಚಪ್ಪಲಿಯವರು, ಕಾಲುಂಗುರ ಸಡಿಲಾಗಿ ಟಿಣ್ ಟಿಣ್ ಎನ್ನುವವರು. ಒಮ್ಮೆ ನಮ್ಮ ಮಾಸ್ಟ್ರು ಜಾತ್ರೆಯ ದಿನ ಹೊಸ ಶೂ ಹಾಕಿಕೊಂಡು ಮನೆಗೆ ಬಂದರು. ನನಗೆ ಗುರುತು ಸಿಗದೆ, ಬೆಲ್ಲ ಇಟ್ಟು ಒಳಗೆ ಹೋಗಿ, “ಯಾರೋ ಪೋಲಿಸು ಬಂದಿದ್ದಾರೆ,” ಎಂದು ಅಮ್ಮನಿಗೆ ಹೇಳಿದ್ದೆ. ಮರುದಿನ ಶಾಲೆಯಲ್ಲಿ ಅವರು ನನ್ನನ್ನು ಎಬ್ಬಿಸಿ ನಿಲ್ಲಿಸಿ, “ಪೋಲಿಸಿಗೆ ಪದ್ಯ ಹೇಳು,” ಎಂದರು. ಗಂಟಲಿನಿಂದ ಗಾಳಿ ಮಾತ್ರ ಬಂತು. “ಕಪ್ಪೆ ಬೇಸಿಗೆಯಲ್ಲಾದರೂ ಕೂಗೀತು, ಗಿರಿಜೆ ಕೂಗಲಿಕ್ಕಿಲ್ಲ,” ಎಂದು ಅವರೇ ಕೈಬಿಟ್ಟರು. ಏಳನೆಯ ತರಗತಿಯವರೆಗೂ ಎದುರಿನ ಹುಡುಗಿಯ ಜಡೆಯ ಹಿಂದೆ ಕುಳಿತೇ ಪಾಸಾದೆ.

ಮದುವೆಯಾದ ಮೇಲಂತೂ ಬಾಯಿಯ ಕೆಲಸವೇ ಮುಗಿಯಿತು. ನಿಮ್ಮ ಅಜ್ಜ ಪಣಂಬೂರಿನ ಬಂದರಿನಲ್ಲಿ ಕೆಲಸಕ್ಕಿದ್ದವರು. ಹಡಗು, ಕ್ರೇನು, ಲಾರಿ ಎಲ್ಲದರ ಗದ್ದಲವನ್ನು ಮೀರಿ ಮಾತಾಡಿ ಅಭ್ಯಾಸವಾದ ಸ್ವರ. ಮೀನಿನವಳು ಬಂದರೆ ಅವರೇ ಮಾತಾಡುತ್ತಿದ್ದರು, ಡಾಕ್ಟರರ ಬಳಿ ನನ್ನ ಹೊಟ್ಟೆನೋವನ್ನೂ ಅವರೇ ವರ್ಣಿಸುತ್ತಿದ್ದರು. ನಾನು ತಲೆ ಆಡಿಸಿದರೆ ಸಾಕಿತ್ತು. ಅವರು ಹೋದ ಮೇಲೆ ಒಂದು ದಿನ ಬಾಗಿಲಲ್ಲಿ ಉಳ್ಳಾಲದ ಮೀನಿನ ಹೆಂಗಸು ಬುಟ್ಟಿ ಇಳಿಸಿ, “ಬಂಗುಡೆ ಉಂಟು, ಎಷ್ಟು ಹಾಕ್ಲಿ?” ಎಂದಳು. ನಾನು ಹಿಂದೆ ತಿರುಗಿ ನೋಡಿದೆ. ಉತ್ತರ ಹೇಳುವವರು ಅಲ್ಲಿರಲಿಲ್ಲ. ಆ ದಿನ ನಮ್ಮ ಮನೆಯಲ್ಲಿ ಬೇಳೆಸಾರು.

ಇಂಥ ನನ್ನನ್ನು ಬೊಳ್ಳಾಜೆಗೆ ಎಳೆದುಕೊಂಡು ಹೋದದ್ದು ನಮ್ಮ ಮೇಲಿನ ಮಹಡಿಯ ಪುಷ್ಪಲತಾ ಟೀಚರ್. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಲಿಫ್ಟಿನಲ್ಲಿ ನಿಂತವರನ್ನು ಸಾಲು ಮಾಡಿಸುವ ಟೀಚರ್. “ಗಿರಿಜಾ, ಘಟ್ಟದ ಬುಡದಲ್ಲಿ ಒಂದು ಹಳ್ಳಿ ಉಂಟು. ಅಲ್ಲಿ ತೋಡಿಗೆ ಕಟ್ಟ ಕಟ್ಟಲಿಕ್ಕೆ ನಾವು ಹತ್ತಿಪ್ಪತ್ತು ಜನ ಹೋಗುವುದು. ನೀನೂ ಸ್ವಯಂಸೇವಕಿ. ಹೆಸರು ಕೊಟ್ಟಾಯ್ತು,” ಎಂದರು.

ನನಗೆ ಆ ಪದ ಕೇಳಿ ಗೊಂದಲ. ಬಿಜೈ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ‘ಸ್ವಯಂ ಸೇವೆ’ ಎಂದು ಬೋರ್ಡು ಹಾಕಿರುತ್ತಾರೆ. ನಮ್ಮ ತಟ್ಟೆ ನಾವೇ ತರಬೇಕು, ನಾವೇ ತಿಂದು ನಾವೇ ಇಟ್ಟುಬರಬೇಕು ಎಂದರ್ಥ. “ಊಟದ ತಟ್ಟೆ ನಾನೇ ತರ್ಬೇಕಾ ಟೀಚರೇ?” ಎಂದು ಕೇಳಿದೆ. ಟೀಚರ್ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, “ತಾ. ತೊಂದರೆ ಇಲ್ಲ,” ಎಂದರು. ನಾನು ತಟ್ಟೆ, ಲೋಟ, ಚಮಚ ಎಲ್ಲ ಚೀಲಕ್ಕೆ ಹಾಕಿದೆ. ಅಲ್ಲಿಗೆ ಹೋದ ಮೇಲೆ ಬೇರೆಯವರೆಲ್ಲ ಬಾಳೆಲೆಯಲ್ಲಿ ಉಂಡರು.

ಕಟ್ಟ ಎಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ಹೊಳೆಗಿಂತ ಸಣ್ಣ ನೀರಿನ ಹರಿವಿಗೆ ನಮ್ಮ ಕಡೆ ತೋಡು ಎನ್ನುತ್ತಾರೆ. ಮಳೆ ನಿಂತು ದೀಪಾವಳಿ ಕಳೆದ ಮೇಲೆ ತೋಡಿಗೆ ಅಡ್ಡಲಾಗಿ ಎರಡು ಸಾಲು ಕಲ್ಲು ಪೇರಿಸಿ, ನಡುವೆ ಸೊಪ್ಪು ಹಾಸಿ ಮಣ್ಣು ತುಂಬಿ ತುಳಿಯುತ್ತಾರೆ. ನೀರು ಹಿಂದೆ ನಿಲ್ಲುತ್ತದೆ, ಸುತ್ತಲಿನ ಬಾವಿಗಳಿಗೆ ಒಸರು ಬರುತ್ತದೆ. ಹೆಚ್ಚಾದದ್ದು ಮೇಲಿನಿಂದ ಹರಿದು ಕೆಳಗಿನವರಿಗೆ ಹೋಗುತ್ತದೆ. ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತದೆ, ಮತ್ತೆ ಕಟ್ಟುತ್ತಾರೆ. ನಾನು ಸಣ್ಣವಳಿದ್ದಾಗ ನಮ್ಮೂರಿನಲ್ಲೂ ಕಟ್ಟುತ್ತಿದ್ದರು. ಆ ಮಣ್ಣು ತುಳಿಯುವ ಸುಖ ನಿಮಗೆ ಹೇಗೆ ಹೇಳಲಿ? ಬೆರಳುಗಳ ಸಂದಿನಿಂದ ತಣ್ಣಗೆ ಮೇಲೆ ಬರುವ ಮಣ್ಣು ಒಳ್ಳೆಯ ದೋಸೆಹಿಟ್ಟಿನ ಹಾಗೆ ‘ಪುಳಕ್’ ಎನ್ನುತ್ತದೆ. ನಿಜ ಹೇಳಬೇಕೆಂದರೆ ಟೀಚರ್ ಕರೆದಾಗ ನಾನು ಇಲ್ಲ ಎನ್ನದೆ ಇದ್ದದ್ದು ಸೇವೆಯ ಮನಸ್ಸಿನಿಂದ ಅಲ್ಲ, ಆ ಪುಳಕ್ಕಿನ ಆಸೆಯಿಂದ.

ನಾವು ಹೆಂಗಸರು ಉಳಿದುಕೊಂಡದ್ದು ಲೀಲಕ್ಕನ ಮನೆಯಲ್ಲಿ, ತೋಡಿನ ಈಚೆ ದಡದಲ್ಲಿ. ಲೀಲಕ್ಕನಿಗೆ ನನಗಿಂತ ನಾಲ್ಕೈದು ವರ್ಷ ಕಡಿಮೆ ಇರಬಹುದು. ಅವರೂ ನನ್ನ ಹಾಗೆ ಗಂಡನನ್ನು ಕಳೆದುಕೊಂಡವರು. ಆದರೆ ಮಾತಿನಲ್ಲಿ ನನಗೂ ಅವರಿಗೂ ಅಜಗಜಾಂತರ. ದನದ ಹತ್ತಿರ, ಕೋಳಿಯ ಹತ್ತಿರ, ಕುದಿಯುವ ಅನ್ನದ ಹತ್ತಿರ, ಎಲ್ಲದರ ಹತ್ತಿರವೂ ಮಾತೇ. ಅಲ್ಲಿ ಮಾತೆಲ್ಲ ತುಳುವಿನಲ್ಲಿ ನಡೆದದ್ದು. ನೀವು ತುಳು ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರಾದ್ದರಿಂದ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನವೇ ಲೀಲಕ್ಕ ನನ್ನನ್ನು ಬಾವಿಯ ಕಟ್ಟೆಗೆ ಕರೆದುಕೊಂಡು ಹೋಗಿ ಒಳಗೆ ಬಗ್ಗಿಸಿ ತೋರಿಸಿದರು. “ನೋಡಿ ಗಿರಿಜಕ್ಕ, ಈಗ ನೀರುಂಟು. ಶಿವರಾತ್ರಿಗೆ ಕೊಡಪಾನ ನೆಲಕ್ಕೆ ತಾಗಿ ಟಣ್ ಅಂತದೆ. ಆಮೇಲೆ ರಸ್ತೆ ಬದಿಯ ಟ್ಯಾಂಕಿಯಿಂದ ಹೊರಬೇಕು. ಕಟ್ಟ ಇದ್ದಾಗ ಈ ಬಾವಿ ಒಮ್ಮೆಯೂ ಆರಿದ್ದಿಲ್ಲ.”

“ಮತ್ತೆ ಯಾಕೆ ಕಟ್ಟುವುದಿಲ್ಲ?”

ಲೀಲಕ್ಕ ಬಾವಿಯ ಹಗ್ಗ ಸುತ್ತಿ ಬದಿಗಿಟ್ಟರು. ಆಮೇಲೆ ಗಲ್ಲದಿಂದ ತೋಡಿನ ಆಚೆಗೆ ತೋರಿಸಿದರು. ಅಲ್ಲಿ ಹಂಚಿನ ಮಾಡಿನ ಮನೆ, ದನದ ಹಟ್ಟಿ, ದಡದಲ್ಲೊಂದು ಹೊನ್ನೆಮರ. “ಕಟ್ಟಕ್ಕೆ ಎರಡು ತುದಿ ಬೇಕಲ್ಲ. ಆಚೆ ತುದಿ ನಮ್ಮ ದೇಜಪ್ಪನದ್ದು. ನನ್ನ ತಮ್ಮ.”

ತಮ್ಮ ಅಕ್ಕನಿಗೆ ಕಟ್ಟಲು ಬಿಡದಷ್ಟು ಎಂತದು ಜಗಳ? ನನಗೆ ಕುತೂಹಲ ತಡೆಯಲಾಗಲಿಲ್ಲ. ನನ್ನಂಥ ಮಾತಾಡದವರಿಗೆ ಇದೊಂದು ಕಾಯಿಲೆ. ಕೇಳಲು ಬಾಯಿ ಬರುವುದಿಲ್ಲ, ತಿಳಿಯದೆ ನಿದ್ದೆ ಬರುವುದಿಲ್ಲ. ತೆಂಗಿನಕಾಯಿ ತುರಿಯುತ್ತ, ಪಾತ್ರೆ ತೊಳೆಯುತ್ತ, ಲೀಲಕ್ಕ ದನಕ್ಕೆ ಹೇಳುವುದನ್ನು ಕೇಳುತ್ತ ತುಂಡು ತುಂಡಾಗಿ ಒಟ್ಟುಮಾಡಿದೆ.

ಲೀಲಕ್ಕನ ಮಗಳ ಮದುವೆ ನಿಶ್ಚಯವಾದದ್ದು ಒಂದು ಮಳೆಗಾಲದಲ್ಲಿ. ನಮ್ಮಲ್ಲಿ ಸೋದರಮಾವನಿಗೆ ಮನೆಗೆ ಹೋಗಿ, ವೀಳ್ಯ ಇಟ್ಟು, ಮೊದಲ ಕರೆಯೋಲೆ ಕೊಡಬೇಕು. ತೋಡು ದಡ ಮೀರಿ ಹರಿಯುತ್ತಿತ್ತು. ರಸ್ತೆಯಲ್ಲಿ ಸುತ್ತಿ ಹೋಗೋಣವೆಂದರೆ ಲೀಲಕ್ಕನ ಕಾಲಿಗೆ ಪ್ಲಾಸ್ಟರು. ಮಗಳು ಕರೆಯೋಲೆಯನ್ನು ವಾಟ್ಸಾಪಿನಲ್ಲಿ ಎಲ್ಲರಿಗೂ ಹಾಕುವಾಗ ಮಾವನಿಗೂ ಹಾಕಿದಳು. “ಊರಿಗೆಲ್ಲ ಹಾಕಿದ್ದನ್ನೇ ನನಗೂ ಹಾಕಿದ್ದು. ನಾನು ಊರಿನಲ್ಲಿ ಒಬ್ಬ,” ಎಂದರಂತೆ ದೇಜಪ್ಪಣ್ಣ. ಮದುವೆಗೆ ಬರಲಿಲ್ಲ. ಧಾರೆಯ ಹೊತ್ತಿಗೆ ಸೋದರಮಾವನ ಜಾಗದಲ್ಲಿ ದೂರದ ಸಂಬಂಧಿಯೊಬ್ಬರು ನಿಂತರು. ಕರೆಯೋಲೆ ಬಂದಂದಿನಿಂದಲೇ ‘ಆ ಮನೆಯ ನೀರು ನಾನು ಮುಟ್ಟುವುದಿಲ್ಲ’ ಎಂಬ ಪ್ರತಿಜ್ಞೆ. ಕಟ್ಟ ಕಟ್ಟುವುದೂ ನಿಂತಿತು. ಮೊದಲು ಆ ಕಟ್ಟದ ಮೇಲೆಯೇ ಎರಡು ಮನೆಯವರು ದಿನಕ್ಕೆ ನಾಲ್ಕು ಸಲ ಓಡಾಡುತ್ತಿದ್ದರಂತೆ, ಹೆಪ್ಪಿಗೆ ಮಜ್ಜಿಗೆ, ಕರಿಬೇವು ಎಂದು. ದಾರಿಯೂ ಹೋಯಿತು.

ಪುಷ್ಪಲತಾ ಟೀಚರ್ ಇದಕ್ಕೆಲ್ಲ ಹೆದರುವವರಲ್ಲ. “ಪರ್ಮನೆಂಟಾಗಿ ಸಿಮೆಂಟಿನದ್ದು ಮಾಡಿಸುವ ಲೀಲಾ,” ಎಂದರು.

“ಸಿಮೆಂಟಿನದ್ದಕ್ಕೂ ಆಚೆ ದಡ ಬೇಕಲ್ಲ ಟೀಚರೇ,” ಎಂದರು ಲೀಲಕ್ಕ.

ಟೀಚರ್ ಸುತ್ತುದಾರಿಯಲ್ಲಿ ದೇಜಪ್ಪಣ್ಣನ ಮನೆಗೆ ಹೋಗಿ ನೀರಿನ ಮಹತ್ವದ ಬಗ್ಗೆ ಮಾತಾಡಿ ಬಂದರು. ಅವರು ಎಲ್ಲ ಕೇಳಿ, ಇವರಿಗೆ ಚಹಾ ಕೊಟ್ಟು, “ಯೋಚಿಸುವ,” ಎಂದರಂತೆ. ಯೋಚಿಸುವ ಎಂದರೆ ನಮ್ಮ ಕಡೆ ‘ಇಲ್ಲ’ ಎನ್ನುವುದಕ್ಕೆ ಮರ್ಯಾದೆಯ ಮಾತು. ಟೀಚರ್ ಅದನ್ನು ‘ಹೌದು’ ಎಂದು ತಿಳಿದು, ಈಚೆ ದಡದಿಂದ ಕೆಲಸ ಸುರು ಮಾಡಿಸಿಯೇಬಿಟ್ಟರು.

ನನ್ನ ಮೊಣಕಾಲು ನೋಡಿ ನನಗೆ ಕಲ್ಲು ಹೊರುವ ಕೆಲಸ ಕೊಡಲಿಲ್ಲ. ಬೆಳಿಗ್ಗೆ ಸ್ವಲ್ಪ ಹೊತ್ತು ಮಣ್ಣು ತುಳಿಯುವುದು, ಆಮೇಲೆ ಕೆಲಸದವರಿಗೆ ಬೆಲ್ಲ ನೀರು ಕೊಡುವುದು. ಎರಡೂ ನನಗೆ ಒಗ್ಗಿದ್ದೇ. ಮಂಗಳೂರಿನಿಂದ ಬಂದ ಕಾಲುಗಳು, ಊರಿನ ಕಾಲುಗಳು, ಎಲ್ಲವೂ ಕೆಸರು ಮೆತ್ತಿ ಒಂದೇ ಬಣ್ಣ. ನಾನು ಎಂದಿನಂತೆ ತಲೆ ತಗ್ಗಿಸಿ ತಟ್ಟೆ ಹಿಡಿದು ಹೋಗುವುದು, “ಬಾಯಾರಿಕೆಗೆ ತೆಗೊಳ್ಳಿ,” ಎನ್ನುವುದು, ಮುಂದೆ ಹೋಗುವುದು.

ಕಟ್ಟ ತೋಡಿನ ನಡುವಿನವರೆಗೆ ಬಂತು. ಅಲ್ಲಿಗೆ ನಿಂತಿತು. ನೀರೆಲ್ಲ ಆಚೆಯ ಅರ್ಧದಲ್ಲಿ ನುಗ್ಗಿ ಹೋಗುತ್ತಿತ್ತು. ಆ ದಿನ ನಮ್ಮ ಹುಡುಗರಲ್ಲೊಬ್ಬ ನೇರ ಅಳೆಯಲೆಂದು ನೀರಿಗಿಳಿದು ಹಗ್ಗವನ್ನು ಆಚೆ ದಡದ ಹೊನ್ನೆಮರಕ್ಕೆ ಕಟ್ಟಿ ಬಂದ. ಅದನ್ನು ನೋಡಿ ಲೀಲಕ್ಕನ ಮುಖ ಸಣ್ಣದಾಯಿತು. “ಅದು ಅವನ ಮರ,” ಎಂದರು. ಬಿಚ್ಚಿಸಬೇಕು ಎನ್ನುವಷ್ಟರಲ್ಲಿ ಹಟ್ಟಿಯಲ್ಲಿ ದನ ಕೂಗಿತು, ಅತ್ತ ಹೋದರು.

ನಾನು ಅಡಿಗೆಮನೆಯಲ್ಲಿ ಬೆಲ್ಲ ಒಡೆಯುತ್ತಿದ್ದೆ. ಹಳೆಯ ಬೆಲ್ಲ, ಕಲ್ಲಿನ ಹಾಗೆ ಗಟ್ಟಿ. ಎಷ್ಟು ಕುಟ್ಟಿದರೂ ಒಡೆಯದೆ, ಕಡೆಗೆ ನಿಂಬೆಹಣ್ಣಿನಷ್ಟು ದೊಡ್ಡ ತುಂಡುಗಳಾದವು. ಇರಲಿ, ಹೆಚ್ಚಾದರೆ ಯಾರೂ ಬೈಯುವುದಿಲ್ಲ ಎಂದು ಹಾಗೆಯೇ ತೆಗೆದುಕೊಂಡು ಹೋದೆ. ಅಂಗಳದಲ್ಲಿ ಒಂದು ಸ್ಕೂಟರು ಬಂದು ನಿಂತ ಸದ್ದಾಗಿತ್ತು. ದಡದಲ್ಲಿ ಒಂದು ಜೊತೆ ಹೊಸ ಕಾಲು. ಕೆಸರಿಲ್ಲ, ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಯಾರೋ ಹೊಸ ಸ್ವಯಂಸೇವಕರು ಬಂದರು ಎಂದುಕೊಂಡೆ. ತಟ್ಟೆ ಮುಂದೆ ಹಿಡಿದು, “ಬಾಯಾರಿಕೆಗೆ ತೆಗೊಳ್ಳಿ,” ಎಂದೆ.

ಆ ಕಾಲುಗಳು ಸ್ವಲ್ಪ ಅತ್ತಿತ್ತ ಸರಿದವು. ಕೈಯೊಂದು ಬಂದು ಬೆಲ್ಲ ತೆಗೆದುಕೊಂಡಿತು. ಸುತ್ತ ಕಲ್ಲು ಇಡುವ ಸದ್ದು, ಮಣ್ಣು ತುಳಿಯುವ ಸದ್ದು, ಟೀಚರ ಸದ್ದು, ಎಲ್ಲವೂ ಒಮ್ಮೆಲೇ ನಿಂತಿತು.

“ಗಿರಿಜಾ,” ಎಂದರು ಟೀಚರ್ ಪಿಸುಮಾತಿನಲ್ಲಿ. ಟೀಚರಿಗೆ ಪಿಸುಮಾತು ಬರುತ್ತದೆಂದು ನನಗೆ ಅಂದೇ ತಿಳಿದದ್ದು. “ಅದು ದೇಜಪ್ಪ ಮಾರಾಯ್ತಿ.”

ನಾನು ತಲೆ ಎತ್ತಿದೆ. ಲೀಲಕ್ಕನದೇ ಮೂಗು, ಲೀಲಕ್ಕನದೇ ಹುಬ್ಬು, ಕೆಂಪೇರಿದ ಮುಖ, ಒಂದು ಕೆನ್ನೆ ಬೆಲ್ಲದಿಂದ ಉಬ್ಬಿತ್ತು. ತನ್ನ ಮರಕ್ಕೆ ಹಗ್ಗ ಕಟ್ಟಿದವರು ಯಾರೆಂದು ಕೇಳಿ ಜಗಳ ಮಾಡಲು ರಸ್ತೆಯಲ್ಲಿ ಸುತ್ತಿ ಬಂದಿದ್ದ ಮನುಷ್ಯ. ಸಾರ್ವಜನಿಕ ಕೆಲಸದ ಬೆಲ್ಲ ಎಂದು ತಿಳಿದು, ಅಭ್ಯಾಸಬಲದಿಂದ ಕೈ ಚಾಚಿ ಬಾಯಿಗೆ ಹಾಕಿಕೊಂಡಿದ್ದಾರೆ. ಅಷ್ಟರಲ್ಲಿ ನನ್ನ ಕೈಯ ತಟ್ಟೆಯ ಮೇಲೆ ಅವರ ಕಣ್ಣು ಬಿತ್ತು. ಅಂಚಿನಲ್ಲಿ ಅವರ ತಾಯಿಯ ಹೆಸರು ಕೊರೆದ ಹಿತ್ತಾಳೆಯ ತಟ್ಟೆ. ಅದು ಯಾವ ಮನೆಯದೆಂದು ಅವರಿಗೆ ಹೇಳಿ ತಿಳಿಯಬೇಕೇ?

ಮಕ್ಕಳೇ, ನುಂಗಿದರೆ ಪ್ರತಿಜ್ಞೆ ಹೋಯಿತು. ಉಗಿಯೋಣವೆಂದರೆ ಕೊಟ್ಟ ಬೆಲ್ಲವನ್ನು ಉಗಿಯುವಷ್ಟು ಕೆಟ್ಟದ್ದು ನಮ್ಮಲ್ಲಿ ಇನ್ನೊಂದಿಲ್ಲ. ಸತ್ತ ಮನೆಯಲ್ಲೂ ಹಾಗೆ ಮಾಡುವವರಿಲ್ಲ. ಅಗಿಯೋಣವೆಂದರೆ ಅದು ಕಲ್ಲು. ಬೈಯೋಣವೆಂದರೆ ಬಾಯಿ ತುಂಬಿದೆ. ದೇಜಪ್ಪಣ್ಣ ನೆಟ್ಟ ಕಂಬದ ಹಾಗೆ ನಿಂತರು. ನನಗೆ ಅಲ್ಲಿಯೇ ತೋಡಿಗೆ ಹಾರಿ ಸಮುದ್ರ ಸೇರೋಣ ಅನ್ನಿಸಿತು.

ಹಟ್ಟಿಯಿಂದ ಲೀಲಕ್ಕ ಬಂದರು. ಕೈಯಲ್ಲಿ ಹುಲ್ಲಿನ ಸೂಡಿ. ತಮ್ಮನ ಉಬ್ಬಿದ ಕೆನ್ನೆ ನೋಡಿದರು, ನನ್ನ ತಟ್ಟೆ ನೋಡಿದರು. ಹುಲ್ಲು ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಬೆಲ್ಲ ಬಾಯಲ್ಲುಂಟಲ್ಲ? ಆಯ್ತು. ಅದು ಕರಗುವವರೆಗೆ ನಾನು ಹೇಳ್ತೇನೆ. ಫೋನಲ್ಲಿ ಕರೆದದ್ದು ಹೌದು. ತಪ್ಪು ಹೌದು. ನನ್ನ ಕಾಲು ನೋಡ್ಲಿಕ್ಕೆ ನೀನು ಬಂದಿದ್ದಿಯಾ? ಬಂದಿದ್ರೆ ಅಲ್ಲೇ ಹಾಸಿಗೆಯಲ್ಲೇ ವೀಳ್ಯ ಕೊಡ್ತಿದ್ದೆ. ಬರ್ಲಿಲ್ಲ. ಮಳೆ ಬಿಟ್ಟ ಮೇಲೆ ನಾನೇ ಬರುವ ಅಂತ ಇದ್ದೆ. ಅಷ್ಟರಲ್ಲಿ ನೀನು ಊರಿಡೀ ಹೇಳಿಕೊಂಡು ಬಂದಿ, ಆ ಮನೆಯ ನೀರು ಮುಟ್ಟುವುದಿಲ್ಲ ಅಂತ. ಆ ಮನೆ ಯಾವುದು? ನೀನು ಅಂಬೆಗಾಲು ಹಾಕಿದ ಮನೆ ಅಲ್ವಾ ಇದು?”

ದೇಜಪ್ಪಣ್ಣ ‘ಹ್ಮ್’ ಎಂದು ಏನೋ ಹೇಳಲು ಹೋದರು. ಬೆಲ್ಲ ಹಲ್ಲಿಗೆ ಬಡಿದ ಸದ್ದು ಮಾತ್ರ ಕೇಳಿತು.

“ನೀನು ನಿಲ್ಲು. ಇನ್ನೂ ಕರಗ್ಲಿಲ್ಲ,” ಎಂದರು ಲೀಲಕ್ಕ. ಆಮೇಲೆ ಅವರ ಸ್ವರ ತಗ್ಗಿತು. “ಮಗಳು ಹೇಳಿದ್ಲು, ಓದಿದ್ರೆ ಎರಡು ಗೆರೆ ನೀಲಿ ಆಗ್ತದೆ ಅಂತ. ದಿನಾ ಫೋನ್ ತೆಗೆದು ನೋಡಿದ್ದೇ ನೋಡಿದ್ದು. ಮದುವೆ ದಿನ ಮಂಟಪದ ಹಿಂದೆ ನಿಂತುಕೊಂಡು ಕೂಡ ನೋಡಿದ್ದೇನೆ. ನೀಲಿ ಆಗ್ಲೇ ಇಲ್ಲ. ತಮ್ಮ ಓದ್ಲಿಕ್ಕೆ ಸಹ ಇಲ್ಲ ಅಂತ ಗ್ರಹಿಸಿದೆ.”

ತೋಡಿನ ಆಚೆಯ ಅರ್ಧದಲ್ಲಿ ನೀರು ಹೋಗುವುದು ಮಾತ್ರ ಕೇಳುತ್ತಿತ್ತು. ದೇಜಪ್ಪಣ್ಣನ ಕೆನ್ನೆ ನಿಧಾನವಾಗಿ ಸಣ್ಣದಾಯಿತು. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಅವರು ಅಕ್ಕನನ್ನು ನೋಡಲಿಲ್ಲ. ನನ್ನನ್ನು ನೋಡಿ, ನನಗೇ ಹೇಳಿದರು.

“ಓದಿದ್ದೇನೆ. ಹಾಕಿದ ದಿನವೇ ಓದಿದ್ದೇನೆ. ನೀಲಿ ಆಗದ ಹಾಗೆ ಮಗ ಎಂತದೋ ಮಾಡಿಟ್ಟಿದ್ದಾನೆ. ನನಗೆ ತೆಗೀಲಿಕ್ಕೆ ಗೊತ್ತಿಲ್ಲ.”

ತಟ್ಟೆಯಲ್ಲಿದ್ದ ಲೋಟ ತೆಗೆದು ಗಟಗಟನೆ ನೀರು ಕುಡಿದರು. ಬೆಲ್ಲ ತಿಂದ ಮೇಲೆ ಕುಡಿಯದೆ ಆಗುತ್ತದೆಯೇ? ಆಮೇಲೆ ಸ್ಕೂಟರಿನ ಕಡೆ ತಿರುಗಿದರು. ಸ್ಕೂಟರಿಗೆ ಹೋಗುವ ದಾರಿಯಲ್ಲಿ ಲೀಲಕ್ಕ ನಿಂತಿದ್ದರು. ದೇಜಪ್ಪಣ್ಣ ಒಂದು ಕ್ಷಣ ನಿಂತು, ಚಪ್ಪಲಿ ಕೈಯಲ್ಲಿ ಹಿಡಿದು, ಮುಂಡು ಎತ್ತಿ ಕಟ್ಟಿ, ಸೀದಾ ತೋಡಿಗಿಳಿದು ತೊಡೆಮಟ್ಟದ ನೀರಿನಲ್ಲಿ ದಾಟಿ ಹೋದರು. ಹೊನ್ನೆಮರದ ಹಗ್ಗವನ್ನು ಮುಟ್ಟಲಿಲ್ಲ. ಸ್ಕೂಟರು ಅಂಗಳದಲ್ಲಿಯೇ ಉಳಿಯಿತು.

“ನಾನು ಹೋಗಿ ಭಾಷಣ ಮಾಡಿದೆ, ನೀನು ಬಾಯಿಗೆ ಬೆಲ್ಲ ಹಾಕಿ ಮುಚ್ಚಿಸಿದಿ,” ಎಂದರು ಟೀಚರ್. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವರು ಹೌದು ಎಂದೂ ಹೇಳಿರಲಿಲ್ಲ, ಇಲ್ಲ ಎಂದೂ ಹೇಳಿರಲಿಲ್ಲ. ಬೊಳ್ಳಾಜೆಯಲ್ಲಿ ನಮಗೆ ಉಳಿದದ್ದು ಇನ್ನೊಂದೇ ವಾರ. ಅರ್ಧ ಕಟ್ಟದಿಂದ ಬಾವಿಗೆ ಒಂದು ಕೊಡ ನೀರೂ ಹೆಚ್ಚಾಗುವುದಿಲ್ಲ. ಅಂದು ಹಾಸಿಗೆಯಲ್ಲಿ ಉರುಳುತ್ತ ನಾನು ನಮ್ಮ ಅಪ್ಪನನ್ನು ನೆನೆದೆ. ಬೈಯಲು ಬಂದವನಿಗೂ ಮೊದಲು ಬೆಲ್ಲ ಕೊಡಿಸುತ್ತಿದ್ದರಲ್ಲ, ಅದು ಮರ್ಯಾದೆಗೆಂದು ನಾನು ತಿಳಿದಿದ್ದೆ. ಬೆಲ್ಲ ಕರಗುವಷ್ಟು ಹೊತ್ತು ಬಂದವನು ಸುಮ್ಮನಿರಲಿ ಎಂಬ ಉಪಾಯವೋ ಏನೋ. ಈಗ ಕೇಳಲು ಅಪ್ಪ ಇಲ್ಲ.

ಮರುದಿನದಿಂದ ನಮಗೆಲ್ಲ ಆ ಸ್ಕೂಟರೇ ಧ್ಯಾನ. ದೇಜಪ್ಪಣ್ಣ ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕುವವರು. ಸ್ಕೂಟರಿಲ್ಲದೆ ಆಚೆ ದಡದ ದಾರಿಯಲ್ಲಿ ಹಾಲಿನ ಕ್ಯಾನು ಹಿಡಿದು ನಡೆದು ಹೋಗುವುದು ಇಲ್ಲಿಂದ ಕಾಣುತ್ತಿತ್ತು.

“ನಡೀಲಿ. ಹೊಟ್ಟೆ ಕರಗ್ತದೆ,” ಎನ್ನುತ್ತಿದ್ದರು ಲೀಲಕ್ಕ. ಆದರೆ ಸಂಜೆಯಾದರೆ ಮಂಜು ಬೀಳಬಾರದೆಂದು ಸ್ಕೂಟರಿಗೆ ತನ್ನ ಹಳೆಯ ಸೀರೆ ಹೊದೆಸುತ್ತಿದ್ದರು. ಕಾಲಿಡುವಲ್ಲಿ ಹಿಂಡಿಯ ಖಾಲಿ ಗೋಣಿಯೊಂದು ಮಡಚಿ ಇತ್ತು. ಅವರ ಕೆಂಪು ಹೇಂಟೆಗೆ ಆ ಗೋಣಿ, ಆ ಸೀರೆಯ ಮರೆ ತುಂಬ ಇಷ್ಟವಾಗಿ ಅಲ್ಲಿಯೇ ಮೊಟ್ಟೆ ಇಡಲು ಸುರು ಮಾಡಿತು. ನಾನು ತೆಗೆಯಲು ಹೋದರೆ ಲೀಲಕ್ಕ ಬಿಡಲಿಲ್ಲ. “ಬೇಡ ಗಿರಿಜಕ್ಕ. ಅವನ ಗಾಡಿಯಲ್ಲಿ ಇಟ್ಟದ್ದು ಅವನದ್ದೇ. ನಾಳೆ ಅದಕ್ಕೂ ಒಂದು ಜಗಳ ಯಾಕೆ?”

ಹಾಗೆಯೇ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ದಡಕ್ಕೆ ಬಂದರೆ ಆಚೆಯಿಂದ ‘ಠಣ್, ಠಣ್’ ಎಂದು ಕಲ್ಲಿನ ಸದ್ದು. ದೇಜಪ್ಪಣ್ಣ ಮುಂಡು ಎತ್ತಿ ಕಟ್ಟಿ ತನ್ನ ದಡದಿಂದ ಕಲ್ಲು ಪೇರಿಸುತ್ತಿದ್ದಾರೆ. ಜೊತೆಗೆ ಅವರ ಹೆಂಡತಿ. ಟೀಚರ್ ಓಡಿ ಬಂದು ಈಚೆಯಿಂದ ಕೂಗಿದರು: “ಎಂತ ದೇಜಪ್ಪಾ, ಮನಸ್ಸಾಯ್ತಾ?”

“ಮನಸ್ಸೂ ಇಲ್ಲ, ಎಂತದೂ ಇಲ್ಲ,” ಎಂದು ಆಚೆಯಿಂದ ಉತ್ತರ ಬಂತು. “ಸ್ಕೂಟರ್ ತರ್ಲಿಕ್ಕೆ ದಾರಿ ಬೇಕಲ್ಲ. ದಿನಾ ಒದ್ದೆ ಆಗ್ಲಿಕ್ಕಾಗ್ತದಾ?”

ಸ್ಕೂಟರು ತರಲು ರಸ್ತೆಯಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ. ನಮ್ಮ ಹುಡುಗರು ಅರ್ಧ ಜನ ಆಚೆಗೆ ದಾಟಿದರು.

ನಾವು ಹೊರಡುವ ಹಿಂದಿನ ದಿನ ಮಧ್ಯಾಹ್ನ ಎರಡು ತುದಿಗಳ ನಡುವೆ ಉಳಿದದ್ದು ಒಂದು ಬಾಗಿಲಿನಷ್ಟು ಅಗಲ. ತೋಡಿನ ನೀರೆಲ್ಲ ಆ ಬಾಗಿಲಲ್ಲೇ ನುಗ್ಗುತ್ತಿತ್ತು. ಆಚೆ ತುದಿಯಲ್ಲಿ ದೇಜಪ್ಪಣ್ಣ, ಈಚೆ ತುದಿಯಲ್ಲಿ ಸೊಪ್ಪಿನ ರಾಶಿಯ ಬಳಿ ಲೀಲಕ್ಕ. ಕಲ್ಲು ಬಿತ್ತು, ಮಣ್ಣು ಬಿತ್ತು. ಮಣ್ಣು ನಿಲ್ಲುತ್ತಿಲ್ಲ. ದೇಜಪ್ಪಣ್ಣನ ಬದಿಯ ಸೊಪ್ಪು ಮುಗಿದಿತ್ತು.

“ಸೊಪ್ಪು ಇಲ್ಲದಿದ್ರೆ ಇದು ನಿಲ್ಲುವುದಿಲ್ಲ,” ಎಂದು ಅವರು ಆಕಾಶಕ್ಕೆ ಹೇಳಿದರು.

“ಬೇಕಾದವರು ಕೇಳಿದ್ರೆ ಕೊಡ್ಲಿಕ್ಕೆ ಜನ ಉಂಟು,” ಎಂದು ಲೀಲಕ್ಕ ಸೊಪ್ಪಿಗೆ ಹೇಳಿದರು.

“ಕಣ್ಣಿದ್ದವರಿಗೆ ಕಾಣ್ತದೆ, ಕೇಳ್ಬೇಕಂತ ಇಲ್ಲ.”

“ಬಾಯಿದ್ದವರಿಗೆ ಕೇಳ್ಲಿಕ್ಕೆ ಎಂತ ರೋಗ?”

ಇಬ್ಬರ ನಡುವೆ ಮಣ್ಣು ಕೆಂಪಗೆ ಕರಗಿ ಹೋಗುತ್ತಿದೆ. ಒಂದು ಕಲ್ಲು ಅಲುಗಿತು, ಇನ್ನೊಂದು ಉರುಳಿತು. ಅಷ್ಟು ದಿನ ನಾನು ತುಳಿದ ಮಣ್ಣು! ನೋಡುತ್ತ ನಿಂತ ನನ್ನೊಳಗೆ ಏನಾಯಿತೋ, ಎಲ್ಲಿತ್ತೋ ಆ ಸ್ವರ:

“ಅಯ್ಯೋ, ಹೋಗ್ತಾ ಉಂಟು ಮಾರಾಯ್ರೇ! ಕೊಡಿ ಲೀಲಕ್ಕ! ಹಿಡ್ಕೊಳ್ಳಿ ದೇಜಪ್ಪಣ್ಣ! ಜಗಳ ಆಮೇಲೆ ಮಾಡಿ!”

ತೋಡಿನ ಎರಡೂ ದಡದಲ್ಲಿ ಎಲ್ಲರೂ ತಿರುಗಿ ನೋಡಿದರು. ಹಕ್ಕಿಯೊಂದು ಹಾರಿತು. ಕೂಗಿದ್ದು ಯಾರೆಂದು ನಾನೂ ತಿರುಗಿ ನೋಡಿದೆ ಎಂದು ಟೀಚರ್ ಈಗಲೂ ಲಿಫ್ಟಿನಲ್ಲಿ ಹೇಳಿ ನಗಾಡುತ್ತಾರೆ. ನನಗೆ ನೆನಪಿರುವುದು ಇಷ್ಟು: ಲೀಲಕ್ಕ ಒಂದು ತೆಕ್ಕೆ ಸೊಪ್ಪು ಎತ್ತಿ ನೀಡಿದರು. ದೇಜಪ್ಪಣ್ಣ ಬಗ್ಗಿ ಹಿಡಿದುಕೊಂಡರು. ಆಮೇಲೆ ಇನ್ನೊಂದು ತೆಕ್ಕೆ. ಆಮೇಲೆ ಮಣ್ಣು, ಕಲ್ಲು, ಮತ್ತೆ ಸೊಪ್ಪು. “ಒತ್ತು”, “ಆಚೆ ಒತ್ತು”, “ಅದಲ್ಲ, ಆ ಕಲ್ಲು” ಎಂದು ಮಾತು ಆಕಾಶ ಬಿಟ್ಟು ನೇರವಾಗಿ ಹೋಗತೊಡಗಿತು. ಬಾಗಿಲು ಮುಚ್ಚಿತು. ನೀರಿನ ಸದ್ದು ಒಮ್ಮೆಲೇ ನಿಂತಾಗ ಕಿವಿಯೇ ಮುಚ್ಚಿದ ಹಾಗಾಯಿತು. ನಿಂತ ನೀರು ಯಾವ ಕಡೆ ಹೋಗುವುದೆಂದು ಸ್ವಲ್ಪ ಹೊತ್ತು ಯೋಚಿಸಿದಂತೆ ಕಂಡಿತು. ಮತ್ತೆ ಮೆಲ್ಲಗೆ ಅಗಲವಾಗುತ್ತ, ತರಗೆಲೆಗಳನ್ನು ಹಿಮ್ಮುಖವಾಗಿ ತೇಲಿಸುತ್ತ, ಹೊನ್ನೆಮರದ ಬೇರಿನವರೆಗೆ ಹೋಯಿತು.

ಸಂಜೆ ದೇಜಪ್ಪಣ್ಣ ಕಟ್ಟದ ಮೇಲೆ ನಡೆದು ಅಂಗಳಕ್ಕೆ ಬಂದರು. ಕೈಯಲ್ಲಿ ಸ್ಕೂಟರಿನ ಕೀ. ಲೀಲಕ್ಕ ಜಗಲಿಯಲ್ಲಿ ನಿಂತು ನೋಡುತ್ತಿದ್ದರು. ನಾನು ಕಂಬದ ಹಿಂದೆ. ಅವರು ಸೀರೆಯ ಹೊದಿಕೆ ಎತ್ತಿದರು. ಒಳಗಿನಿಂದ ಹೇಂಟೆ ಗರಿ ಉಬ್ಬಿಸಿ ‘ಕೊರ್ರ್’ ಎಂದಿತು. ಗೋಣಿಯ ಮೇಲೆ ರೆಕ್ಕೆ ಅಗಲಿಸಿ ಕಾವಿಗೆ ಕುಳಿತುಬಿಟ್ಟಿತ್ತು.

“ಬೇಕಾದ್ರೆ ಎಬ್ಬಿಸ್ತೇನೆ,” ಎಂದರು ಲೀಲಕ್ಕ.

ದೇಜಪ್ಪಣ್ಣ ಹೇಂಟೆಯನ್ನು ನೋಡಿದರು. ಕೀಯನ್ನು ನೋಡಿದರು. ಸೀರೆಯನ್ನು ಮೊದಲಿದ್ದ ಹಾಗೆಯೇ ಹೊದೆಸಿದರು.

“ಕಾವಿಗೆ ಕೂತದ್ದನ್ನು ಎಬ್ಬಿಸ್ತಾರಾ? ಮರಿ ಆಗ್ಲಿ. ನಾಳೆ ಬಂದು ನೋಡ್ತೇನೆ.”

“ನಾಳೆಗೇ ಮರಿ ಆಗುವುದಿಲ್ಲ.”

“ನಾಡಿದ್ದೂ ಬರ್ತೇನೆ.”

ಕತ್ತಲಾಗುತ್ತಿತ್ತು. ಹಸಿಮಣ್ಣು ಜಾರುತ್ತದೆಂದು ಅವರು ಕಾಲೂರಿ ಕಾಲೂರಿ ಕಟ್ಟದ ಮೇಲೆ ಹೋದರು. ನಡು ದಾಟಿದ ಮೇಲೆ ಬಿಳಿ ಮುಂಡು ಮಾತ್ರ ಕಂಡಿತು, ಆಮೇಲೆ ಅದೂ ಕಾಣಲಿಲ್ಲ. ಲೀಲಕ್ಕ ಒಳಗೆ ಹೋಗದೆ ಜಗಲಿಯ ಅಂಚಿಗೆ ಬಂದು ನಿಂತರು. ನಾನೂ ನಿಂತೆ. ಸ್ವಲ್ಪ ಹೊತ್ತಿನಲ್ಲಿ ಆಚೆ ದಡದಿಂದ ಸ್ವರ ಬಂತು.

“ಅಕ್ಕಾ, ಮನೆ ಮುಟ್ಟಿದೆ.”

ಲೀಲಕ್ಕ ಎರಡು ಕೈಗಳನ್ನು ಬಾಯಿಯ ಸುತ್ತ ಹಿಡಿದು ಈಚೆಯಿಂದ “ಓ…” ಎಂದರು.